ಬೈತಲೆ ತೆಗೆದ ಹಿತ್ತಲು

ಇಪ್ಪತ್ತೆರಡು ವರ್ಷ ಶಾಲೆಯ ವ್ಯಾನು ಓಡಿಸಿ ಅದಕ್ಕೆ ಒಂದು ಗೀರೂ ಬೀಳದಂತೆ ನೋಡಿಕೊಂಡವಳು, ಕೊನೆಗೆ ಬಿದ್ದದ್ದು ಅಡುಗೆಮನೆಯ ಸ್ಟೂಲಿನಿಂದ. ಮಕ್ಕಳು ಅವಳನ್ನು ವ್ಯಾನಕ್ಕ ಎನ್ನುತ್ತಿದ್ದರು. ಆಮೇಲೆ ಬೀದಿಯವರೂ ಹಾಗೇ ಕರೆದರು. ಈಗ ಅವಳ ಸ್ವಂತ ಅತ್ತೆಯೂ ಕೋಪ ಬಂದಾಗ ಮಾತ್ರ ಹೆಸರು ಹಿಡಿಯುತ್ತಿದ್ದರು.

ಚಳಿಗಾಲದ ಕೊನೆಯ ತಿಂಗಳು. ಮೊಟ್ಟೆಯ ಟ್ರೇಗಳಲ್ಲಿ ಮಣ್ಣು ತುಂಬಿ, ಗುಳಿಗೊಂದರಂತೆ ಟೊಮೆಟೊ ಬೀಜ ಊರಿ, ಅವನ್ನು ಒಂದೊಂದಾಗಿ ಬೀರುವಿನ ಮೇಲೆ ಇಡಲು ಹತ್ತಿದ್ದಳು. ಒಲೆಯ ಶಾಖವೆಲ್ಲ ಅಲ್ಲೇ ಹೋಗಿ ಕೂರುತ್ತದೆ, ಬೀಜ ಬೇಗ ಒಡೆಯುತ್ತದೆ ಎಂದು ಲೆಕ್ಕ. ಸ್ಟೂಲು ವಾಲಿತು. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಟ್ರೇ ಮಾತ್ರ ಅವಳ ಎರಡೂ ಕೈಗಳಲ್ಲಿ ನೆಟ್ಟಗೆ ನಿಂತಿತ್ತು.

"ಕಾಲು ಮುರಿದರೂ ಒಂದು ಚಿಟಿಕೆ ಮಣ್ಣು ಚೆಲ್ಲಿಲ್ಲ ನೋಡು ನನ್ನ ಸೊಸೆ," ಎಂದು ಅತ್ತೆ ಆಸ್ಪತ್ರೆಯಲ್ಲಿ ಕಂಡವರಿಗೆಲ್ಲ ಹೇಳಿದರು. ಹೆಮ್ಮೆಯೋ ಬೈಗುಳವೋ, ಅವರಿಗೇ ಗೊತ್ತಿರಲಿಲ್ಲ.

ಡಾಕ್ಟರು ಪ್ಲಾಸ್ಟರ್ ಹಾಕಿ, "ಆರು ವಾರ ಈ ಕಾಲು ನೆಲಕ್ಕೆ ತಾಗಬಾರದು," ಎಂದರು.

ಆರು ವಾರ ಎಂದರೆ ಬಿತ್ತನೆಯ ಕಾಲ ಪೂರ್ತಿ. ಮದುವೆಯಾದಾಗಿನಿಂದ ಅವರು ಇದ್ದದ್ದು ಮಹಡಿಯ ಮೇಲಿನ ಬಾಡಿಗೆ ಕೋಣೆಗಳಲ್ಲಿ. ನೆಲ ಎಂಬುದು ಯಾವಾಗಲೂ ಬೇರೆಯವರ ಸೂರಾಗಿತ್ತು. ಆದರೂ ಅವಳು ಎಲ್ಲೆಲ್ಲಿಂದಲೋ ಬೀಜದ ಪೊಟ್ಟಣ ತಂದು ವ್ಯಾನಿನ ಡ್ಯಾಶ್‌ಬೋರ್ಡಿನಲ್ಲಿ ಕೂಡಿಡುತ್ತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ತೆಗೆದು ಓದುತ್ತಿದ್ದಳು: ಅರ್ಧ ಬೆರಳು ಆಳ, ಒಂದು ಗೇಣು ಅಂತರ. ಈ ಚಳಿಗಾಲಕ್ಕೆ ಮುಂಚೆಯಷ್ಟೇ ಹಿತ್ತಲಿರುವ ಮನೆ ಸಿಕ್ಕಿತ್ತು. ಹಿತ್ತಲು ಎಂದರೆ ಆರು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ಅವಳಿಗೆ ಅದು ಸೀಮೆಯಷ್ಟು ಕಂಡಿತ್ತು.

ಗಂಡ ಕಟಿಂಗ್ ಶಾಪಿನವನು. ಮನೆಯ ಮುಂದಿನ ಕೋಣೆಯೇ ಅಂಗಡಿ: ಎರಡು ಕುರ್ಚಿ, ಒಂದು ಉದ್ದ ಕನ್ನಡಿ. ಮಣ್ಣು ಮುಟ್ಟಿದವನಲ್ಲ. ಉಗುರಿನಲ್ಲಿ ಕೊಳೆ ಕಂಡರೆ ಗಿರಾಕಿ ಎದ್ದು ಹೋಗುತ್ತಾನೆ ಎನ್ನುವ ಶಿಸ್ತಿನವನು. ಮಂಚವನ್ನು ಹಿಂದಿನ ಕೋಣೆಯ ಕಿಟಕಿಯ ಪಕ್ಕಕ್ಕೆ ಎಳೆದು ಅವಳನ್ನು ಮಲಗಿಸಿ, "ಈ ವರ್ಷ ಬಿಡೇ. ಮುಂದಿನ ವರ್ಷ ನೋಡೋಣ," ಎಂದ.

ಅವಳು ಗೋಡೆಯ ಕಡೆ ತಿರುಗಿದಳು. ದಿನವಿಡೀ ಕನ್ನಡಿಯಲ್ಲಿ ಜನರ ಮುಖ ನೋಡುವವನಿಗೆ ಬೆನ್ನು ನೋಡಿ ಅರ್ಥವಾಗದೆ ಇರುತ್ತದೆಯೇ? ಮಾರನೆಯ ಬೆಳಿಗ್ಗೆ ಅವಳು ಕಣ್ಣು ಬಿಟ್ಟಾಗ ಕಿಟಕಿಯಾಚೆ ಅವನು ಗುದ್ದಲಿ ಹಿಡಿದು ನಿಂತಿದ್ದ. ಒಗೆದು ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ, ಮದುವೆಮನೆಗೆ ಹೊರಟವನ ಹಾಗೆ.

ಆ ಕಿಟಕಿ ತೆರೆಯುತ್ತಿರಲಿಲ್ಲ. ಹಿಂದಿನವರು ಬಣ್ಣ ಬಳಿಯುವಾಗ ಚೌಕಟ್ಟಿಗೆ ಅಂಟಿಕೊಂಡುಬಿಟ್ಟಿತ್ತು. ಕೂಗಿದರೆ ಕೇಳದು. ವ್ಯಾನಕ್ಕ ದಿಂಬಿಗೆ ಒರಗಿ ಕುಳಿತು, ವ್ಯಾನು ಹಿಂದಕ್ಕೆ ತೆಗೆಯುವಾಗ ಸನ್ನೆ ಮಾಡುತ್ತಾರಲ್ಲ, ಹಾಗೆ ಕೈ ಆಡಿಸತೊಡಗಿದಳು. ಬರಲಿ, ಬರಲಿ, ಇನ್ನೂ ಎಡಕ್ಕೆ, ಸಾಕು. ಅವನಿಗೆ ಆ ಭಾಷೆ ಗೊತ್ತಿತ್ತು. ಸಂದಿಯಲ್ಲಿ ವ್ಯಾನು ನಿಲ್ಲಿಸುವಾಗ ಎಷ್ಟೋ ಸಲ ಅವನೇ ಆ ಸನ್ನೆ ಮಾಡಿದ್ದ. ಗುದ್ದಲಿ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ, ಅವಳು ಅಂಗೈ ತೋರಿಸಿದಲ್ಲಿ ನಿಂತ. ಮೊದಲ ಪಾತಿಯ ಮೂಲೆ ಅಲ್ಲಿ ಬಿತ್ತು.

ಸನ್ನೆಗೆ ಸಿಗದ ಮಾತುಗಳನ್ನು ಅತ್ತೆ ಒಯ್ಯುತ್ತಿದ್ದರು. ಒಯ್ಯುವಾಗ ದಾರಿಯಲ್ಲಿ ಸ್ವಲ್ಪ ಸೇರಿಸುತ್ತಿದ್ದರು.

"ಬಟಾಣಿ ನಾಲ್ಕು ಬೆರಳಿಗೊಂದು ಹಾಕಬೇಕಂತ ಹೇಳಿ ಅತ್ತೆ."

ಅತ್ತೆ ಹಿತ್ತಲಿಗೆ ಹೋಗಿ, "ಗೇಣಿಗೊಂದು ಹಾಕ್ಬೇಕಂತೆ ಕಣೋ. ನನ್ನ ಕೇಳಿದ್ರೆ ಮೊಳಕ್ಕೊಂದು ಹಾಕು. ಮನುಷ್ಯರಿಗೇ ಒತ್ತೊತ್ತಾಗಿ ಕೂತ್ರೆ ಜಗಳ ಬರುತ್ತೆ," ಎಂದರು. ಅವನು ಇಬ್ಬರಿಗೂ ಬೇಸರವಾಗದಿರಲಿ ಎಂದು ಅರ್ಧ ಸಾಲು ಗೇಣಿಗೊಂದು, ಅರ್ಧ ಸಾಲು ಮೊಳಕ್ಕೊಂದು ಹಾಕಿದ.

ಆದರೆ ಸಾಲು ಎಳೆಯುವಾಗ ಮಾತ್ರ ಅವನಿಗೆ ಯಾರ ಮಾತೂ ಬೇಕಾಗಲಿಲ್ಲ. ಹೆಂಟೆ ಒಡೆದು, ಮಣ್ಣನ್ನು ಒಂದೇ ದಿಕ್ಕಿಗೆ ಬಾಚಿ, ನೀರು ಚಿಮುಕಿಸಿ ಕೂರಿಸಿದ. ಆಮೇಲೆ ತಲೆ ಸ್ವಲ್ಪ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಕಡ್ಡಿಯ ತುದಿಯಿಂದ ಬೈತಲೆ ತೆಗೆದ ಹಾಗೆ ಒಂದು ಗೆರೆ ಎಳೆದ. ಆ ತುದಿಯಿಂದ ಈ ತುದಿಗೆ ಒಂದೇ ಉಸಿರಿನಲ್ಲಿ. ವ್ಯಾನಕ್ಕ ನೋಡುತ್ತಲೇ ಇದ್ದಳು. ಮದುವೆಯ ಮರುದಿನ ಅವನು ಅವಳ ತಲೆ ಬಾಚಿದ್ದು ನೆನಪಾಯಿತು. ಆಗಲೂ ಹೀಗೇ, ಉಸಿರು ಹಿಡಿದುಕೊಂಡೇ ಬಾಚಿದ್ದ.

ಹಗಲಿನಲ್ಲಿ ತನ್ನ ಮನೆ ಹೇಗಿರುತ್ತದೆ ಎಂದು ಅವಳಿಗೆ ಇದುವರೆಗೆ ತಿಳಿದಿರಲಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವವಳು. ಈಗ ಹಾಸಿಗೆಯಿಂದ ನೋಡುತ್ತಿದ್ದಳು: ಬಿಸಿಲು ಮೊದಲು ಬಚ್ಚಲಿನ ಗೋಡೆಗೆ ತಾಗಿ, ಪಾತಿಗೆ ಇಳಿದು, ಒಂದೊಂದೇ ಸಾಲನ್ನು ದಾಟಿ, ಮಧ್ಯಾಹ್ನದ ಹೊತ್ತಿಗೆ ಅವಳ ಹೊದಿಕೆಯ ಮೇಲೆ ಬಂದು ಮಲಗುತ್ತಿತ್ತು. ನೋವಿನ ಮಾತ್ರೆಯ ಮಂಪರು. ಮುಂದಿನ ಕೋಣೆಯಿಂದ ಕತ್ತರಿಯ ಸದ್ದು ಚಿಕ್ ಚಿಕ್ ಎಂದು ತೇಲಿ ಬರುತ್ತಿತ್ತು. ಯಾವುದೋ ಪುಟ್ಟ ಹಕ್ಕಿ ಕಾಳು ಒಡೆಯುತ್ತಿದೆಯೇನೋ ಅನ್ನಿಸುತ್ತಿತ್ತು. ಕಣ್ಣು ಮುಚ್ಚಿದರೆ ಅವಳು ವ್ಯಾನು ಓಡಿಸುತ್ತಿದ್ದಳು. ಸೀಟುಗಳ ತುಂಬ ಬೀಜಗಳು, ಮೂಲಂಗಿ, ಪಾಲಕ್, ಈರುಳ್ಳಿ, ಎಲ್ಲವೂ ಚೀಲ ಬೆನ್ನಿಗೇರಿಸಿಕೊಂಡು ಗಲಾಟೆ ಮಾಡುತ್ತ ಕುಳಿತಿದ್ದವು. ರಸ್ತೆಯೆಲ್ಲ ಕಪ್ಪು ಮೆತ್ತನೆ ಮಣ್ಣು, ಚಕ್ರದ ಸದ್ದೇ ಇಲ್ಲ. ಒಂದೊಂದು ಬೀಜವೂ ತನ್ನ ಜಾಗ ಬಂದಾಗ ಇಳಿದು, ತಿರುಗಿ ನೋಡದೆ, ನೆಲದೊಳಗೆ ಹೋಗಿಬಿಡುತ್ತಿತ್ತು. ಎಚ್ಚರವಾದಾಗ ಕೋಣೆಯಲ್ಲಿ ಹಸಿಮಣ್ಣಿನ ವಾಸನೆ. ಗಂಡ ಕಾಲ ಬಳಿ ಕುಳಿತು ಉಗುರು ತಿಕ್ಕಿಕೊಳ್ಳುತ್ತಿರುತ್ತಿದ್ದ.

"ಏನಾದ್ರೂ ಬಂತಾ?" ಎಂದು ಕೇಳುತ್ತಿದ್ದಳು.

"ಹಾಕಿ ನಾಲ್ಕು ದಿನ ಆಗಿಲ್ಲ. ಅದೇನು ಗಡ್ಡವೇನೇ, ಬೆಳಿಗ್ಗೆ ಬೋಳಿಸಿದ್ರೆ ಸಂಜೆಗೆ ಬರೋಕೆ?"

ಆರನೆಯ ದಿನ ಮೂಲಂಗಿ ಬಂತು. ಅವಳಿಗೆ ಮೊದಲು ಕಂಡದ್ದು ಹಸಿರಲ್ಲ. ಬೈತಲೆಯ ಉದ್ದಕ್ಕೂ ಮಣ್ಣು ಒಂದಿಷ್ಟು ಬಿರಿದಿತ್ತು, ಒಳಗೆ ಯಾರೋ ಮಗ್ಗುಲು ಬದಲಿಸಿದ ಹಾಗೆ. ಮಧ್ಯಾಹ್ನಕ್ಕೆ ಹಸಿರು ಎದ್ದಿತು. ಎದ್ದದ್ದೂ ಎಂಥದ್ದು, ಕಾಲಿಡಲು ಜಾಗವಿಲ್ಲದಷ್ಟು ಒತ್ತಾಗಿ. ಬೀಜ ಸಣ್ಣದೆಂದು ಅವನು ಇಡೀ ಪೊಟ್ಟಣವನ್ನೇ ಸುರಿದಿದ್ದ.

"ಮುಕ್ಕಾಲು ಪಾಲು ತೆಗೀಬೇಕು ಕಣ್ರೀ. ಇಲ್ಲದಿದ್ರೆ ಒಂದೂ ಗಡ್ಡೆ ಕಟ್ಟಲ್ಲ."

ಅವನು ಹೋಗಿ ಪಾತಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಬಹಳ ಹೊತ್ತು ಕುಳಿತೇ ಇದ್ದ. ಬೆರಳು ಮುಂದಕ್ಕೆ ಚಾಚುವುದು, ಹಿಂದಕ್ಕೆ ಎಳೆಯುವುದು. ಕೊನೆಗೆ ಒಳಗೆ ಬಂದು, "ಆಗಲ್ಲ ಕಣೇ," ಎಂದ. "ಈಗ ತಾನೇ ಬಂದಿವೆ. ಇದಕ್ಕೆ ಇರು, ಅದಕ್ಕೆ ಹೋಗು ಅಂತ ನಾನು ಹೇಗೆ ಹೇಳ್ಲಿ?"

ದಿನಕ್ಕೆ ಇಪ್ಪತ್ತು ತಲೆ ಕತ್ತರಿಸುವವನ ಬಾಯಲ್ಲಿ ಈ ಮಾತು ಕೇಳಿ ಅವಳಿಗೆ ತಡೆಯಲಾಗದ ನಗು ಬಂತು. ನಕ್ಕರೆ ಕಾಲು ನೋಯುತ್ತಿತ್ತು. ಕಾಲು ಹಿಡಿದುಕೊಂಡೇ ನಕ್ಕಳು.

"ರೀ, ಒತ್ತು ಕೂದಲಿನವರು ಬಂದ್ರೆ ಏನ್ ಮಾಡ್ತೀರಿ? ಕೀಳ್ತೀರಾ?"

"ಕೀಳೋದ್ಯಾಕೆ? ತೆಳ್ಳಗೆ ಮಾಡ್ತೀನಿ."

"ಅದನ್ನೇ ಮಾಡಿ."

ಅವನು ಅಂಗಡಿಯಿಂದ ಸಣ್ಣ ಕತ್ತರಿ ತಂದು, ಎಡಗೈಯ ಎರಡು ಬೆರಳುಗಳ ನಡುವೆ ಸಸಿಗಳನ್ನು ಕೂದಲಿನಂತೆ ಹಿಡಿದು, ಮಣ್ಣಿನ ಮಟ್ಟಕ್ಕೆ ಚಿಕ್ ಚಿಕ್ ಎಂದು ಕತ್ತರಿಸುತ್ತ ಸಾಲಿನುದ್ದಕ್ಕೂ ಸಾಗಿದ. ಕ್ಷೌರಕ್ಕೆ ಕಾಯುತ್ತಿದ್ದ ಗಿರಾಕಿ, ಬ್ಯಾಂಡಿನಲ್ಲಿ ಕಹಳೆ ಊದುವ ಕಹಳೆಯಪ್ಪ, ಅಂಗಡಿಯಿಂದ ಹಿತ್ತಲವರೆಗೆ ಹುಡುಕಿಕೊಂಡು ಬಂದು, "ನನಗಿಂತ ಮೊದಲು ಇವರ ಸರದಿಯೋ?" ಎಂದು ಕೇಳಿದನಂತೆ. ಅತ್ತೆ ಬಂದು ವರದಿ ಒಪ್ಪಿಸಿದರು.

ನಾಲ್ಕನೆಯ ವಾರದಲ್ಲಿ ಬಿಸಿಲು ದಿಢೀರನೆ ಕಾವೇರಿತು. ಮೂರು ದಿನ ಬೇಸಿಗೆಯೇ ಬಂದುಬಿಟ್ಟಿತೇನೋ ಎನ್ನುವಂತಿತ್ತು. ಆ ಮೂರನೆಯ ಮಧ್ಯಾಹ್ನ ಅವಳು ನಿದ್ದೆಯಿಂದೆದ್ದು ನೋಡುತ್ತಾಳೆ, ಮೊಳೆತ ಮೇಲೆ ಬಿಸಿಲಿಗೆಂದು ಕಿಟಕಿಯ ಕಟ್ಟೆಗೆ ತಂದಿಟ್ಟಿದ್ದ ಟ್ರೇಗಳು ಮಾಯ. ಟೊಮೆಟೊ ಸಸಿಗಳೆಲ್ಲ ಹೊರಗೆ ಪಾತಿಯಲ್ಲಿ ಎರಡು ಸಾಲಾಗಿ ನಿಂತಿವೆ, ಒಟ್ಟು ಇಪ್ಪತ್ತನಾಲ್ಕು. ಗಂಡ ಪಕ್ಕದಲ್ಲಿ ಕೈ ಕಟ್ಟಿಕೊಂಡು, ಬಹುಮಾನ ತೆಗೆದುಕೊಳ್ಳಲು ಕಾದವನಂತೆ ಕಿಟಕಿಯತ್ತ ನಗುತ್ತಿದ್ದಾನೆ.

ಅವನು ಒಳಗೆ ಬರುವಷ್ಟರಲ್ಲಿ ಅವಳ ಮುಖ ಕೆಂಪಾಗಿತ್ತು.

"ಯಾರು ಹೇಳಿದ್ರು ನಿಮಗೆ? ಚಳಿ ಇನ್ನೂ ಹೋಗಿಲ್ಲ. ಇನ್ನು ಹದಿನೈದು ದಿನ ಒಳಗೇ ಇರಬೇಕಿತ್ತು ಅವು!"

"ಬಿಸಿಲು ಚೆನ್ನಾಗಿತ್ತಲ್ಲ ಅಂತ..."

"ಕೇಳಬಾರದಿತ್ತಾ ಒಂದು ಮಾತು? ಕಾಲು ಮುರಿದಿದೆ, ಬಾಯಿ ಮುರಿದಿಲ್ಲವಲ್ಲ ನನಗೆ! ಅವಕ್ಕೋಸ್ಕರಾನೇ ಬಿದ್ದಿದ್ದು ನಾನು."

ಅವನು ಬಾಗಿಲ ಬಳಿ ಸ್ವಲ್ಪ ನಿಂತು, ಕೈಯ ಮಣ್ಣನ್ನು ನೋಡಿಕೊಂಡು, ಅಂಗಡಿಗೆ ಹೋದ. ಸಂಜೆಗೆ ಗಾಳಿ ತಿರುಗಿತು. ಕಿಟಕಿಯ ಗಾಜು ಮುಟ್ಟಿದರೆ ಬೆರಳು ಜುಮ್ಮೆನ್ನುವಷ್ಟು ತಣ್ಣಗಾಯಿತು. ಊಟ ತಂದ ಅತ್ತೆ, "ಹಿಮ ಬೀಳೋ ಹಾಗಿದೆ," ಎಂದರು; ತಕ್ಷಣ ನಾಲಿಗೆ ಕಚ್ಚಿಕೊಂಡರು. ವ್ಯಾನಕ್ಕ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಕಿಟಕಿಯ ಕಡೆ ನೋಡಲು ಮನಸ್ಸಾಗಲಿಲ್ಲ. ಮಾತ್ರೆ ನುಂಗಿ ಮುಸುಕೆಳೆದಳು. ಸಸಿಗಳಿಗಿಂತ ಹೆಚ್ಚಾಗಿ, ಬಾಗಿಲ ಬಳಿ ನಿಂತಿದ್ದ ಆ ಮುಖವೇ ಕಣ್ಣಿಗೆ ಕಟ್ಟಿತ್ತು.

ಬೆಳಕು ಹರಿಯುವಾಗ ಕಣ್ಣು ಬಿಟ್ಟಳು. ಹಿತ್ತಲು ತೆಳು ನೀಲಿ ಬಣ್ಣದಲ್ಲಿ ಮುಳುಗಿತ್ತು. ಬಚ್ಚಲಿನ ಸೂರು, ಬೇಲಿಯ ಕಂಬ, ಮೂಲಂಗಿಯ ಎಲೆ, ಎಲ್ಲದರ ಮೇಲೂ ಉಪ್ಪು ಉದುರಿಸಿದಂತೆ ಹಿಮ. ಅದರ ನಡುವೆ, ಎರಡು ಸಾಲಾಗಿ, ಬಿಳಿ ಬಟ್ಟೆ ಹೊದ್ದ ಪುಟ್ಟ ಪುಟ್ಟ ಜನ ಕುಳಿತಿದ್ದರು. ಎಲ್ಲರೂ ತಮ್ಮ ಸರದಿಗೆ ಕಾಯುತ್ತಿರುವ ಹಾಗೆ, ಸುಮ್ಮನೆ, ಬೆನ್ನು ನೆಟ್ಟಗೆ ಮಾಡಿಕೊಂಡು. ತಾನಿನ್ನೂ ಕನಸಿನಲ್ಲೇ ಇದ್ದೇನೆ ಎಂದುಕೊಂಡಳು. ಅವರಲ್ಲಿ ಒಬ್ಬ ಈಗ ತಿರುಗಿ ತನ್ನನ್ನು ನೋಡುತ್ತಾನೆ ಎಂದು ಕಾದಳು.

ಆಮೇಲೆ ಹೊಲಿಗೆಯ ಅಂಚು ಗುರುತು ಸಿಕ್ಕಿತು. ಗಿರಾಕಿಗಳ ಕೊರಳಿಗೆ ಕಟ್ಟುವ ಬಟ್ಟೆಗಳು! ಅಂಗಡಿಯಲ್ಲಿದ್ದ ಅಷ್ಟನ್ನೂ ತಂದು, ಒಂದೊಂದು ಸಸಿಗೂ ಮೂರು ಕಡ್ಡಿ ನೆಟ್ಟು, ಮೇಲೆ ಹೊದಿಸಿ, ಕ್ಲಿಪ್ಪು ಹಾಕಿದ್ದ. ಬಟ್ಟೆ ಸಾಲದ ಕಡೆ ಟವೆಲುಗಳಿದ್ದವು. ಟವೆಲೂ ಮುಗಿದಲ್ಲಿ ಅವನದೇ ಬನಿಯನ್ನುಗಳು, ತೋಳು ಚಾಚಿಕೊಂಡು.

ಬಿಸಿಲೇರಿದ ಮೇಲೆ ಅವನು ಒಂದೊಂದನ್ನೇ ಬಿಚ್ಚಿದ. ಕಿಟಕಿಯತ್ತ ನೋಡದೆ ಎಣಿಸಿದ. ಒಳಗೆ ಬಂದು, "ಹದಿನಾಲ್ಕು ಉಳಿದಿವೆ. ಬನಿಯನ್ ಹಾಕಿದ್ದವು ಒಂದೂ ಉಳೀಲಿಲ್ಲ," ಎಂದ. ಅವನ ಕಣ್ಣುಗಳು ನಿದ್ದೆಯಿಲ್ಲದೆ ಊದಿಕೊಂಡಿದ್ದವು.

"ಬನಿಯನ್ನಲ್ಲಿ ತೂತಿತ್ತು, ನಾನೇ ನೋಡಿದ್ದೆ," ಎಂದಳು ಅವಳು. "ಹೊಸದು ತಗೊಳ್ಳಿ ಅಂತ ಎಷ್ಟು ಸಲ ಹೇಳಿಲ್ಲ?" ಹೇಳುತ್ತಲೇ ಅವನ ಕೈ ಎಳೆದು ತನ್ನ ಹೊದಿಕೆಯೊಳಗೆ ಇಟ್ಟುಕೊಂಡಳು. ಕೈ ಮಂಜುಗಡ್ಡೆಯಂತಿತ್ತು. ಬಹಳ ಹೊತ್ತಿನವರೆಗೆ ಬೆಚ್ಚಗಾಗಲಿಲ್ಲ. ಅವಳು ಬಿಡಲಿಲ್ಲ.

ಆ ದಿನ ಅಂಗಡಿಗೆ ಬಂದವರಿಗೆ ಹೊದಿಸಲು ಬಟ್ಟೆಯಿರಲಿಲ್ಲ. ಎಲ್ಲವೂ ಕೆಸರಾಗಿ ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಕಹಳೆಯಪ್ಪ ಹೂವಿನ ಪರದೆ ಹೊದ್ದು ಕುಳಿತು ಗಡ್ಡ ಮಾಡಿಸಿಕೊಂಡ. ಅತ್ತೆ ಹಿಂದಿನ ಕೋಣೆಗೆ ಓಡಿ ಬಂದು, "ವ್ಯಾನಕ್ಕಾ, ಮದುಮಗಳ ಹಾಗೆ ಕಾಣ್ತಾನೆ ಕಣೇ!" ಎಂದು ಪಿಸುಗುಟ್ಟಿದರು.

ಏಳನೆಯ ವಾರ ಪ್ಲಾಸ್ಟರ್ ಬಿಚ್ಚಿದರು. ಕಾಲು ಬೆಳ್ಳಗೆ, ಸಣ್ಣಗೆ, ತನ್ನದಲ್ಲವೇನೋ ಎಂಬಂತಿತ್ತು. ಅವಳು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಗಂಡನ ಹೆಗಲು ಹಿಡಿದು ಮೊದಲ ಸಲ ಹಿತ್ತಲಿಗೆ ಇಳಿದಳು. ಕಿಟಕಿಯಿಂದ ಕಾಣುತ್ತಿದ್ದ ಹಿತ್ತಲೇ ಬೇರೆ, ಇದೇ ಬೇರೆ. ಇಲ್ಲಿ ಗಾಳಿಯಿತ್ತು, ಬಟಾಣಿ ಬಳ್ಳಿಗೆ ಸದ್ದಿತ್ತು, ಮಣ್ಣು ಅಂಗಾಲಿಗೆ ತಣ್ಣಗೆ ತಾಗುತ್ತಿತ್ತು. ಕಾಲಿಗೆ ಅದರ ಜೀವ ನಿಧಾನವಾಗಿ ವಾಪಸು ಬರುವುದು ಗೊತ್ತಾಗುತ್ತಿತ್ತು. ಒಂದೊಂದು ಪಾತಿಯ ಮುಂದೆಯೂ ನಿಂತಳು. ಟೊಮೆಟೊ ಎಲೆ ಉಜ್ಜಿ ಮೂಸಿದಳು.

ತಿರುಗಿ ಮನೆಯತ್ತ ನೋಡಿದಾಗ, ಅವಳ ಕಿಟಕಿಯ ಕೆಳಗೆ, ಗೋಡೆಗೆ ಅಂಟಿಕೊಂಡಂತೆ ಇನ್ನೊಂದು ಸಣ್ಣ ಪಾತಿ ಕಂಡಿತು. ಹಾಸಿಗೆಯಿಂದ ಅದು ಕಾಣುವಂತಿರಲಿಲ್ಲ. ಗೋಡೆಯ ಮೇಲೆ ಕಿಟಕಿಯವರೆಗೂ ದಾರ ಕಟ್ಟಿತ್ತು. ಬುಡದಲ್ಲಿ ಹುರುಳಿಕಾಯಿಯ ಸಸಿಗಳು ಈಗಷ್ಟೇ ಬಾಗಿದ ಕತ್ತು ಎತ್ತುತ್ತಿದ್ದವು, ಬೀಜದ ಸಿಪ್ಪೆ ಇನ್ನೂ ತಲೆಯ ಮೇಲೇ ಇತ್ತು.

"ಇದೇನ್ರೀ ಇದು?"

ಅವನು ಕಿವಿಯ ಹಿಂದೆ ತುರಿಸಿಕೊಂಡ. "ನೀನು ಮಲಗಿರುವಾಗಲೇ ಕಿಟಕಿ ತನಕ ಹತ್ತಲಿ ಅಂತ ಹಾಕಿದ್ದೆ. ಎರಡು ಸಲ ಹಾಕಿದ್ದು ಬರಲೇ ಇಲ್ಲ. ಆಳ ಜಾಸ್ತಿಯಾಯ್ತೇನೋ. ಇದು ಮೂರನೇ ಸಲದ್ದು." ಆಮೇಲೆ, ತಪ್ಪು ಒಪ್ಪಿಕೊಳ್ಳುವವನಂತೆ, "ಅಷ್ಟರಲ್ಲಿ ನೀನು ಎದ್ದೇಬಿಟ್ಟೆ," ಎಂದ.

ವ್ಯಾನಕ್ಕ ಅವನ ಹೆಗಲ ಮೇಲಿನ ಭಾರವನ್ನು ಇನ್ನಷ್ಟು ಹೆಚ್ಚಿಸಿದಳು. ಒಳಗೆ ಅತ್ತೆ ಮಂಚವನ್ನು ಮೊದಲಿನ ಜಾಗಕ್ಕೆ ಎಳೆಯಲು ಹೊರಟ ಸದ್ದು ತೆರೆದಿದ್ದ ಹಿತ್ತಲ ಬಾಗಿಲಿನಿಂದ ಕೇಳಿಸಿತು.

"ಅತ್ತೆ," ಎಂದು ಅವಳು ಕೂಗಿ ಹೇಳಿದಳು, "ಮಂಚ ಅಲ್ಲೇ ಇರ್ಲಿ ಬಿಡಿ."