ಹಳಿಯಾಳ ರಸ್ತೆಯ ಫ್ಯಾಮಿಲಿ ರೂಮ್

ನನ್ನ ಬಾಯಿ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂಡಗೋಡದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಇಶ್ರತ ಒಂದು ಮಾತು ಹಿಡಿದಳೆಂದರೆ ಬಿಡುವವಳಲ್ಲ ಎಂದು. ಆ ಭಾನುವಾರವೂ ನಾನು ಬಿಡಲಿಲ್ಲ.

ನನ್ನ ತಂಗಿ ರುಕ್ಸಾರಳನ್ನು ದಾಂಡೇಲಿಗೆ ಕೊಟ್ಟು ಮೂರು ವರ್ಷ. ಗಂಡ ಆಕಿಬ ಮೆಕ್ಯಾನಿಕ್, ಸ್ವಂತ ಗ್ಯಾರೇಜು. ರೆಸಾರ್ಟಿನ ಜೀಪುಗಳೆಲ್ಲ ರಿಪೇರಿಗೆ ಅವನಲ್ಲಿಗೇ ಬರುತ್ತವೆ. ಮಾತು ಮೆತ್ತಗೆ, ದೊಡ್ಡವರ ಮುಂದೆ ಕಣ್ಣೆತ್ತುವುದಿಲ್ಲ. ಅವಳು ಮೊದಲ ಸಲ ತವರಿಗೆ ಓಡಿ ಬಂದಾಗ ಎಡಗೈಯ ಎರಡು ಬೆರಳು ಮುರಿದಿದ್ದವು. ಎರಡನೇ ಸಲ ಬಂದಾಗ ಬಲಗಿವಿ ಕೇಳಿಸುತ್ತಿರಲಿಲ್ಲ. ಎರಡೂ ಸಲ ಅವನು ಬೆನ್ನ ಹಿಂದೆಯೇ ಬಂದ, ಹಿರಿಯರು ಕೂತರು, ಅವನು ಎಲ್ಲರ ಮುಂದೆ ಕಣ್ಣೀರು ಹಾಕಿದ, ಹಿರಿಯರು ನನ್ನ ತಂಗಿಗೇ ಬುದ್ಧಿ ಹೇಳಿ ಕಳಿಸಿದರು. ಥೂ ಅವರ ಹಿರಿತನಕ್ಕಿಷ್ಟು! ಬೆರಳು ಮುರಿದವನು ಅತ್ತರೆ ಪಾಪ ಅನಿಸುತ್ತದೆ, ಮುರಿಸಿಕೊಂಡವಳು ಅತ್ತರೆ ಹಟ ಅನಿಸುತ್ತದೆ.

ಹೋದ ತಿಂಗಳು ಅವಳು ಪಕ್ಕದ ಮನೆಯ ಸುಮಿತಾಳ ಫೋನಿನಿಂದ ನನಗೆ ಫೋನ್ ಮಾಡಿದಳು. "ಆಪಾ, ಇನ್ನೊಮ್ಮೆ ಹೊಡದ್ರ ನಾ ಉಳಿಯಂಗಿಲ್ಲ," ಎಂದಳು. ಅಳಲಿಲ್ಲ. ಸಂತೆಯಿಂದ ಏನೇನು ತರಬೇಕು ಎಂದು ಹೇಳುವವರ ಹಾಗೆ ಹೇಳಿದಳು. 

ಉಪಾಯ ಹೂಡಿದವಳು ನಾನೇ. ಗಂಡನ ಮನೆಯಿಂದ ಅವಳು ಒಬ್ಬಳೇ ಹೊಸ್ತಿಲು ದಾಟುವ ಹಾಗಿಲ್ಲ, ಆದರೆ ತವರಿನವರು ಬಂದು ಹೋಟೆಲಿಗೆ ಕರೆದೊಯ್ದರೆ ಬೇಡ ಎನ್ನುವುದು ಅವರಿಗೂ ಚೆಂದ ಕಾಣುವುದಿಲ್ಲ. ಭಾನುವಾರ ಪ್ರವಾಸಿಗರ ಗದ್ದಲ, ಆಕಿಬ ಗ್ಯಾರೇಜು ಬಿಟ್ಟು ಏಳುವುದಿಲ್ಲ. ನಾನು, ಅಮ್ಮಿ, ತಮ್ಮ ಆರೀಫ ಮೂವರೂ ಊರು ನೋಡಲು ಬಂದವರ ಹಾಗೆ ಬರುವುದು, ನಾಷ್ಟಾ ಮಾಡಿಸಿಕೊಂಡು ಬರುತ್ತೇವೆ ಎಂದು ಅವಳನ್ನು ಕಾರಿನಲ್ಲಿ ಕೂರಿಸಿಕೊಳ್ಳುವುದು, ಹೋಟೆಲಿಗೆ ನಿಲ್ಲದೆ ಹಳಿಯಾಳ ದಾಟಿ ನೆಟ್ಟಗೆ ಮುಂಡಗೋಡದ ಹತ್ತಿರದ ಸನವಳ್ಳಿಯ ನನ್ನ ಮನೆಗೆ. ನನ್ನ ಗಂಡ ಸುಭಾನಿ ಹುಬ್ಬಳ್ಳಿಯ ವಕೀಲರೊಬ್ಬರ ಹತ್ತಿರ ಮಾತಾಡಿ ಇಟ್ಟಿದ್ದರು. ಹಿರಿಯರಿಗೆ ಸುದ್ದಿ ಆಮೇಲೆ.

"ಚೀಲ ಹಿಡೀಬ್ಯಾಡ," ಎಂದು ಸುಮಿತಾಳ ಫೋನಿನಲ್ಲೇ ಅವಳಿಗೆ ಹೇಳಿದೆ. "ನಿಮ್ಮತ್ತಿ ಕಣ್ಣು ಮೊದಲ ಕೈ ಮ್ಯಾಲ ಬೀಳ್ತಾವು. ಕೈ ಬೀಸ್ಕೊಂಡ ಬಾ."

"ಬಟ್ಟಿ, ಆಪಾ?"

"ನನ್ನವು ಇಲ್ಲೇನ ಹುಚ್ಚಿ! ಏನೂ ತರಬ್ಯಾಡ."

ಬೆಳಿಗ್ಗೆ ಎಂಟಕ್ಕೆ ಬಿಟ್ಟವರು ಹತ್ತೂವರೆಗೆ ದಾಂಡೇಲಿಯಲ್ಲಿದ್ದೆವು. ಕಾರು ಆರೀಫನ ದೋಸ್ತನದು. ಅವಳ ಮನೆಯ ಮುಂದೆ ನಿಂತಾಗ ಆಕಿಬ ಪಕ್ಕದ ಗ್ಯಾರೇಜಿನಿಂದ ಕೈಯ ಗ್ರೀಸು ಒರೆಸಿಕೊಳ್ಳುತ್ತ ಬಂದ, ಸಲಾಂ ಹೇಳಿದ, ಎಲ್ಲರ ಆರೋಗ್ಯ ವಿಚಾರಿಸಿದ. ರುಕ್ಸಾರ ಬುರ್ಖಾ ಹಾಕಿಕೊಂಡು ಸಿದ್ಧಳಾಗಿದ್ದಳು. ಮೊದಲಿಗಿಂತ ಮೈತುಂಬಿಕೊಂಡ ಹಾಗೆ ಕಂಡಳು, ನನಗೆ ಆ ಗಡಿಬಿಡಿಯಲ್ಲೂ ಸಂತೋಷವಾಯಿತು. ಕಾರಿನಲ್ಲಿ ಬಂದು ಕೂತಳು. ಇನ್ನು ಬಾಗಿಲು ಹಾಕಿಕೊಂಡು ಹೊರಡುವುದೊಂದೇ ಬಾಕಿ.

ಆಗ ನಮ್ಮ ಅಮ್ಮಿ ಬಾಯಿ ಬಿಟ್ಟಳು.

"ನೀವೂ ಬರ್ರಿ ಬೇಟಾ."

"ಇಲ್ಲ ಅಮ್ಮಿ, ಗಾಡಿ ಅದಾವ. ನೀವು ಹೋಗಿ ಬರ್ರಿ."

"ಅಳಿಯಾನ ಬಿಟ್ಟು ನಾವು ಹೆಂಗ ತಿನ್ನೋದ್ರಿ? ಬರ್ರಿ."

"ಇರ್ಲಿ ಅಮ್ಮಿ."

ನಾನು ಅಮ್ಮಿಯ ತೊಡೆ ಚಿವುಟಿದೆ. ಚಿವುಟಿದರೇನು, ನಮ್ಮಮ್ಮಿ ಖತೀಜಾಬಿ ಅರವತ್ತೆರಡು ವರ್ಷ ಮನೆಗೆ ಬಂದವರನ್ನು ಮೂರು ಸಲ ಕರೆದೇ ಬದುಕಿದವಳು. ಎರಡು ಸಲ ಕರೆದು ಬಿಟ್ಟರೆ ಕರೆದದ್ದೇ ಸುಳ್ಳು ಎಂದು ಅವಳ ಲೆಕ್ಕ. ಬಾಯಿ ತಾನಾಗಿಯೇ ಮೂರನೆಯ ಸಲವೂ ಕರೆಯಿತು. "ನೀವು ಬರ್ಲಿಲ್ಲಂದ್ರ ನಂಗ ತುತ್ತು ಇಳಿಯಂಗಿಲ್ಲ ನೋಡ್ರಿ."

ಆಕಿಬ ಒಂದು ಗಳಿಗೆ ನಿಂತ. ಕಾರಿನೊಳಗೆ ಬಗ್ಗಿ ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದ. "ಅಷ್ಟು ಹೇಳ್ತೀರಂದ ಮ್ಯಾಲ ಆತು," ಎಂದು ಒಳಗೆ ಹೋಗಿ ಅಂಗಿ ಬದಲಿಸಿ ಬಂದು ಆರೀಫನ ಪಕ್ಕ ಕೂತ. ಅಮ್ಮಿ ನನ್ನ ಕಡೆ ತಿರುಗಿದಾಗ ಅವಳ ಮುಖ ಬೂದಿಯಾಗಿತ್ತು. ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ತಿಳಿದಿತ್ತು. ಆ ಹೊತ್ತಿನಲ್ಲಿ ನನ್ನ ಹೆತ್ತ ತಾಯಿಯ ಮೇಲೆ ನನಗೆ ಬಂದ ಸಿಟ್ಟು ಅಲ್ಲಾಹನಿಗೇ ಗೊತ್ತು.

ಸರಿ, ನಾನು ಸೋಲುವವಳಲ್ಲ. ಹಳಿಯಾಳ ರಸ್ತೆಯಲ್ಲಿ ಒಂದು ಹೋಟೆಲಿದೆ ಎಂದು ಕೇಳಿದ್ದೆ, ಅಲ್ಲಿಗೇ ಹೋಗುವುದು, ಅವನು ಕೈ ತೊಳೆಯಲು ಎದ್ದಾಗಲೋ ಫೋನು ಬಂದು ಹೊರಗೆ ಹೋದಾಗಲೋ ತಂಗಿಯನ್ನು ಎಬ್ಬಿಸಿಕೊಂಡು ಕಾರು ಹತ್ತುವುದು. ಕಾರಿನ ಮುಖ ಹಳಿಯಾಳದ ಕಡೆಗೇ ಇರುತ್ತದೆ. ಎರಡು ನಿಮಿಷ ಸಿಕ್ಕರೆ ಸಾಕು.

"ಎಲ್ಲಿಗೆ ಹೋಗೂಣು?" ಎಂದು ಆರೀಫ ಸ್ಟೇರಿಂಗ್ ಹಿಡಿದುಕೊಂಡು ಕೇಳಿದ. ಕನ್ನಡಿಯಲ್ಲೂ ನಮ್ಮ ಕಡೆ ನೋಡಲಿಲ್ಲ, ಪುಕ್ಕಲ.

"ಕೋಗಿಲಬನದ ಕಡೆ ಒಂದು ರೆಸಾರ್ಟ್ ಐತಿ," ಎಂದ ಆಕಿಬ. "ಭಾನುವಾರ ಬ್ರಂಚ್ ಅಂತ ಇಡ್ತಾರ. ನಾಷ್ಟಾ, ಊಟ ಎರಡೂ ಕೂಡೇ. ಹೊಳಿ ದಂಡಿಗೆ ಟೇಬಲ್ ಹಾಕಿರ್ತಾರ. ಮ್ಯಾನೇಜರ್ ಅಜಯ ನಮ್ಮವನ. ಪುಣೆ, ಗೋವಾದವರೆಲ್ಲ ಅಲ್ಲೇ ಬರ್ತಾರ."

ನಾಷ್ಟಾ, ಊಟ ಕೂಡಿಸಿ ತಿನ್ನುವ ಆ ಪುಣೆಯವರನ್ನು ನಾನು ಮನಸ್ಸಿನಲ್ಲೇ ಶಪಿಸಿದೆ. ಕೋಗಿಲಬನವೆಂದರೆ ಹಳಿಯಾಳಕ್ಕೆ ಬೆನ್ನು ಹಾಕಿ ಹೋಗಬೇಕು. ಅಲ್ಲಿಂದ ಓಡಿ ಬಂದರೂ ಮತ್ತೆ ಅವನ ಊರು ದಾಟಿಯೇ ಬರಬೇಕು.

"ಅಲ್ಲಿಗೇ ಹೋಗೂಣು ಆಪಾ," ಎಂದಳು ರುಕ್ಸಾರ ಮೆಲ್ಲಗೆ. "ಹೊರಗ ಕುಂದ್ರೂಣು. ಗಾಳಿ ಐತಿ."

ಈ ಹುಡುಗಿಗೆ ಬುದ್ಧಿ ಎಲ್ಲಿ ಹೋಗಿದೆ ಎಂದುಕೊಂಡೆ. ನಿನಗಾಗಿಯೇ ಎರಡೂವರೆ ತಾಸು ಧೂಳು ಕುಡಿದು ಬಂದಿದ್ದೇವೆ, ನಿನಗೆ ಗಾಳಿ ಬೇಕಾಯಿತೇ?

"ಗಾಳಿ ಏನ್ ತಿಂತೀ? ಕಂಡೋರ ಮುಂದ, ಗಂಡಸರ ನಡುವ ನಾವು ಹೆಂಗಸ್ರು ಬುರ್ಖಾದಾಗಿಂದ ಹೆಂಗ ಉಣ್ಣೋದು? ಹಳಿಯಾಳ ರಸ್ತೆದಾಗ ಒಂದು ಹೋಟೆಲ್ ಐತಂತ, ಫ್ಯಾಮಿಲಿ ರೂಮ್ ಐತಿ, ಪರದೆ ಐತಿ. ಆರಾಮ ಬುರ್ಖಾ ತಗದಿಟ್ಟು ಉಣ್ಣಬಹುದು. ನಾ ಅಂತೂ ಹೊರಗ ಕೂತು ತಿನ್ನಂಗಿಲ್ಲ."

"ಬಸ್‌ಸ್ಟ್ಯಾಂಡ್ ಹಂತ್ಯಾಕ ಬಿರಿಯಾನಿ ಹೋಟೆಲ್ ಐತಿ," ಎಂದಳು ರುಕ್ಸಾರ ಮತ್ತೆ. "ಅಲ್ಲಿ ಫ್ಯಾನ್ ಕೆಳಗ ಕೂತ್ರಾತು. ಲಗೂನ ತಿಂದು..."

"ಆ ಗಿಜಿಗಿಜಿಯೊಳಗ? ಹೋಗಲೇ!"

"ಆಪಾ, ನಂಗ ಫ್ಯಾಮಿಲಿ ರೂಮ್ ಬ್ಯಾಡ."

"ನಿಂಗೇನ್ ತಿಳೀತದ? ಸುಮ್ಕ ಕೂಡು."

ಮೂರು ವರ್ಷ ಆ ಮನೆಯಲ್ಲಿ ಸುಮ್ಮನೆ ಕೂಡು ಎಂಬ ಮಾತು ಕೇಳಿಯೇ ಬದುಕಿದವಳು ನನ್ನಿಂದಲೂ ಅದೇ ಕೇಳಿ ಸುಮ್ಮನಾದಳು. ಆಕಿಬ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ. "ಆಪಾ ಹೇಳಿದ ಮ್ಯಾಲ ಮುಗೀತು. ನಡಿ ಆರೀಫ, ಹಳಿಯಾಳ ರೋಡ." ಗೆದ್ದೆ ಎಂದು ನನ್ನ ಎದೆ ಉಬ್ಬಿತು. ಹೌದು, ಉಬ್ಬಿತು, ಸುಳ್ಳು ಯಾಕೆ ಹೇಳಲಿ?

ಹೋಟೆಲಿನಲ್ಲಿ ನನ್ನ ಎಣಿಕೆಯಂತೆಯೇ ಇತ್ತು. ಮುಂದೆ ಊಟದ ಹಾಲ್, ಹಿಂದೆ ಹಲಗೆ ಗೋಡೆಯ ಮೂರು ಸಣ್ಣ ಕೋಣೆ, ಬಾಗಿಲಿಗೆ ಹಸಿರು ಪರದೆ, ಅದರಾಚೆ ಕೈ ತೊಳೆಯುವ ಜಾಗ, ಪಕ್ಕದಲ್ಲಿ ಕಾರು ನಿಲ್ಲಿಸುವಲ್ಲಿಗೆ ತೆರೆದ ಬಾಗಿಲು. ಆರೀಫ ಕಾರು ತಿರುಗಿಸಿ ನಿಲ್ಲಿಸಿದ. ವೇಟರ್ ಬಂದು ಬಿರಿಯಾನಿ ಹನ್ನೆರಡಕ್ಕೆ, ಈಗ ಖೀಮಾ ಪರೋಟಾ ಅಷ್ಟೇ ಎಂದ. ಅದನ್ನೇ ಹೇಳಿದೆವು. ಅವನು ಪರದೆ ಎಳೆದು ಹೋದ.

ಒಳಗೆ ಫ್ಯಾನು ತಿರುಗುತ್ತಿರಲಿಲ್ಲ. ನಾನು ಬುರ್ಖಾ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದೆ. ಅಮ್ಮಿಯೂ ತೆಗೆದಳು. ರುಕ್ಸಾರ ಹಾಗೆಯೇ ಕೂತಿದ್ದಳು. ಹಣೆಯಿಂದ ನೀರು ಇಳಿಯುತ್ತಿತ್ತು.

"ತಗಿ ಬೇಟಿ, ಎಷ್ಟು ಬೆವರೀದಿ," ಎಂದಳು ಅಮ್ಮಿ.

"ಇರ್ಲಿ ಅಮ್ಮಿ."

"ತಗೀ ಅಲಾ, ಇಲ್ಲಿ ಯಾರ ಅದಾರ?" ಎಂದೆ ನಾನು. ನಾನೇ ಎಂದೆ.

ಅವಳು ನನ್ನನ್ನು ನೋಡಿದಳು. ಆ ನೋಟ ನನಗೆ ಆಗಲೂ ಅರ್ಥವಾಗಲಿಲ್ಲ. ಆಕಿಬನಿಗೆ ಅರ್ಥವಾಯಿತು. ಅವನು ಎದ್ದು ಅವಳ ಹಿಂದೆ ಬಂದು, ಮಗುವಿಗೆ ಮಾಡುವ ಹಾಗೆ, ಕುತ್ತಿಗೆಯ ಹತ್ತಿರದ ಗುಂಡಿ ಬಿಚ್ಚಿದ. "ಆಪಾ ಅದಕ್ಕಂತನ ಇಲ್ಲಿಗೆ ಕರಕೊಂಡ ಬಂದಾರ," ಎಂದ. ಬುರ್ಖಾ ಭುಜದಿಂದ ಜಾರಿತು.

ಒಳಗೆ ನೀಲಿ ಕಮೀಜು. ಅದರ ಕೊರಳಲ್ಲಿ ಇನ್ನೊಂದು ಹಳದಿ ಕೊರಳು. ತೋಳಿನ ತುದಿಯಲ್ಲಿ ಮೂರನೆಯದರ ಕೆಂಪು ಅಂಚು. ಮೂರು ಜೊತೆ ಬಟ್ಟೆಗಳನ್ನು ಒಂದರ ಮೇಲೊಂದು ಹಾಕಿಕೊಂಡು ನನ್ನ ತಂಗಿ ಆ ಸೆಕೆಯಲ್ಲಿ ಕೂತಿದ್ದಳು. ಚೀಲ ಬೇಡ ಎಂದವಳು ನಾನು. ತನ್ನದೆಂಬ ಬಟ್ಟೆಯನ್ನು ಮೈಮೇಲೆಯೇ ಹೊತ್ತುಕೊಂಡು ಬಂದವಳು ಅವಳು.

ಆಚೆ ಕೋಣೆಯಲ್ಲಿ ಯಾರೋ ಉಪ್ಪಿನಕಾಯಿ ಕೇಳುತ್ತಿದ್ದರು.

"ಏನಿದು ರುಕ್ಸಾರ?" ಎಂದ ಆಕಿಬ. ಎಂದಿನ ಮೆತ್ತಗಿನ ದನಿಯೇ.

"ಮುಂಜಾನಿ... ಚಳಿ ಆಗಿತ್ತು."

"ಹೌದಾ." ಅವನು ಬುರ್ಖಾವನ್ನು ಮಡಿಸಿ ತನ್ನ ತೊಡೆಯ ಮೇಲಿಟ್ಟುಕೊಂಡು ಕೂತ. "ಆರೀಫ, ಕಾರಿನ ಕೀ ಕೊಡಿಲ್ಲೆ. ಕ್ಲಚ್ ಯಾಕೋ ಸಪ್ಪಳ ಮಾಡಾಕತ್ತಿತ್ತು, ಹೋಗುವಾಗ ನಾ ನಡಸಿ ನೋಡ್ತೇನಿ."

ಆರೀಫ ಕೊಟ್ಟ. ಕೊಟ್ಟುಬಿಟ್ಟ! ನಾನು ಯಾಕೆ ತಡೆಯಲಿಲ್ಲ ಎಂದು ನೀವು ಕೇಳಬಹುದು. ಈ ಬಾಯಿ ಆಗ ಎಲ್ಲಿ ಹೋಗಿತ್ತು? ಪರದೆ ಸರಿಸಿ ಹಾಲ್‌ನ ನಡುವೆ ನಿಂತು ಕೂಗಬಹುದಿತ್ತು. ಕೂಗಿದರೆ ಜನ ಸೇರುತ್ತಾರೆ, ಅವನು ಅಳುತ್ತಾನೆ, ಮತ್ತೆ ಹಿರಿಯರು ಕೂರುತ್ತಾರೆ ಎಂದೆಲ್ಲ ಯೋಚಿಸಿದೆ ಎಂದು ಈಗ ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು, ಅಷ್ಟೇ.

ಪರೋಟಾ ಬಂದವು. ಅವನು ಎಲ್ಲರಿಗೂ ಬಡಿಸಿದ. ರುಕ್ಸಾರಳ ತಾಟಿಗೆ ಎರಡು ಹಾಕಿದ. "ತಿನ್ನು, ಬಿಸಿ ಐತಿ. ಚಳಿ ಹೋಗ್ತದ," ಎಂದ. ಅವಳು ತಿಂದಳು. ಅಮ್ಮಿ ತುತ್ತು ಬಾಯಲ್ಲಿಟ್ಟುಕೊಂಡು ನುಂಗಲಾಗದೆ ಕೂತಿದ್ದಳು. ನಾನೂ ತಿಂದೆ. ತಿನ್ನದಿದ್ದರೆ ಒಪ್ಪಿಕೊಂಡ ಹಾಗಾಗುತ್ತದೆಂದು ಒಂದಿಡೀ ಪರೋಟಾ ತಿಂದು ಮುಗಿಸಿದೆ. ಆ ಖೀಮಾಕ್ಕೆ ರುಚಿಯೂ ಇತ್ತು, ನನ್ನ ನಾಲಿಗೆ ಸೇದಿಹೋಗಲಿ.

ವಾಪಸು ಅವನೇ ಕಾರು ನಡೆಸಿದ. ಮನೆ ಮುಂದೆ ನಿಲ್ಲಿಸಿ, ಆರೀಫನಿಗೆ ಕೀ ಕೊಟ್ಟು, ಬಾಗಿಲು ತೆರೆದು ನಿಂತ. ರುಕ್ಸಾರ ಇಳಿಯಬೇಕು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಮೂರು ತೋಳುಗಳ ಬಟ್ಟೆಯ ಒಳಗೆ ಕೈ ಕಡ್ಡಿಯಷ್ಟಿತ್ತು. ಮೈತುಂಬಿಕೊಂಡಿದ್ದಾಳೆ ಎಂದುಕೊಂಡಿದ್ದೆನಲ್ಲ!

ಅವಳು ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದಳು. "ಫ್ಯಾಮಿಲಿ ರೂಮ್ ಬ್ಯಾಡ ಅಂದಿದ್ನಲ್ಲ ಆಪಾ."

ಬೈಯಲಿಲ್ಲ ಅವಳು. ಬೈದಿದ್ದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆನೋ ಏನೋ. ನನ್ನ ಕೈ ಸಡಿಲಾಯಿತು. ಅವಳು ಇಳಿದು ಒಳಗೆ ಹೋದಳು. ಆಕಿಬ ಅಮ್ಮಿಗೆ ಖುದಾ ಹಾಫಿಜ್ ಹೇಳಿ ಬಾಗಿಲು ಹಾಕಿಕೊಂಡ.

ಮರುದಿನವೇ ಸುಭಾನಿ ವಕೀಲರನ್ನು ಕರೆದುಕೊಂಡು ಠಾಣೆಗೆ ಹೋದರು. ಪೊಲೀಸರು ಗಂಡ ಹೆಂಡತಿ ಇಬ್ಬರನ್ನೂ ಕರೆಸಿದರು. ರುಕ್ಸಾರ ಎಲ್ಲರ ಮುಂದೆ ತನಗೇನೂ ತೊಂದರೆಯಿಲ್ಲ, ತವರಿನವರು ಸುಮ್ಮನೆ ಮಾಡುತ್ತಿದ್ದಾರೆ ಎಂದು ಬರೆದುಕೊಟ್ಟಳು. ಎಡಗೈಯಲ್ಲಿ ಸಹಿ ಮಾಡಿದಳಂತೆ. ಬಲಗೈಯನ್ನು ದುಪಟ್ಟಾದೊಳಗೆ ಇಟ್ಟುಕೊಂಡಿದ್ದಳಂತೆ. ಆ ವಾರವೇ ಅವರು ಮನೆ ಬದಲಿಸಿದರು. ಜೋಯಿಡಾ ಕಡೆ ಎಲ್ಲೋ ಎಂದಳು ಸುಮಿತಾ. ಈಗ ಫೋನು ಮಾಡಿದರೆ ಅವಳ ಅತ್ತೆ ಎತ್ತುತ್ತಾಳೆ. ಮಲಗಿದ್ದಾಳೆ ಎನ್ನುತ್ತಾಳೆ. ಬೆಳಿಗ್ಗೆ ಮಾಡಿದರೂ ಮಲಗಿದ್ದಾಳೆ, ಮಧ್ಯಾಹ್ನ ಮಾಡಿದರೂ ಮಲಗಿದ್ದಾಳೆ.

ಅಮ್ಮಿ ಅನ್ನ ಬಿಟ್ಟಿದ್ದಾಳೆ. ಮನೆಗೆ ಯಾರಾದರೂ ಬಂದರೆ ಚಹಾ ಕುಡಿಯಿರಿ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಳ್ಳುತ್ತಾಳೆ. ಪ್ರತಿ ನಮಾಜಿನ ಕೊನೆಗೆ ಕೈಯೆತ್ತಿ ಒಂದೇ ಮಾತು ಹೇಳಿ ಅಳುತ್ತಾಳೆ, ನನ್ನ ಬಾಯಿಂದಲೇ ನನ್ನ ಮಗಳು ಹೋದಳು ಎಂದು. ರುಕ್ಸಾರ ನನ್ನ ಕಿವಿಯಲ್ಲಿ ಹೇಳಿದ್ದು ಅವಳಿಗೆ ಕೇಳಿಸಿಲ್ಲ. ನಾನೂ ಹೇಳಿಲ್ಲ.

ನಿನ್ನೆಯೂ ನನ್ನ ಕೈ ಹಿಡಿದುಕೊಂಡು ಕೇಳಿದಳು. "ಇಶ್ರತ, ನಾ ಅವನ್ನ ಕರೀಬಾರದಾಗಿತ್ತು, ಹೌದಲ್ಲ?"

"ಹೌದು ಅಮ್ಮಿ," ಎಂದೆ ನಾನು. "ನೀ ಕರೀಬಾರದಾಗಿತ್ತು."