ನಾಲ್ಕನೇ ಪದ

ಆದಿಲಕ್ಷ್ಮಮ್ಮ ಹಾಸಿಗೆಯನ್ನು ಮೂರನೆಯ ಸಲ ಕೊಡವಿದಳು. ಒಂದು ನಸ್ಯದ ಡಬ್ಬಿ ಬಿತ್ತು, ಖಾಲಿಯಾದ ಎರಡು ಸೆಲ್ಲು ಬಿದ್ದವು. ರಿಮೋಟು ಮಾತ್ರ ಇಲ್ಲ.

"ಥೂ, ಈವಯ್ಯನ ಮನೆ ಹಾಳಾಗ!" ಎಂದವಳು ನಾಲಿಗೆ ಕಚ್ಚಿಕೊಂಡಳು. ಈವಯ್ಯ ಹೊರಗೆ ಜಗಲಿಯಲ್ಲಿ, ಗೋಡೆಗೆ ಒರಗಿಸಿದ ಕುರ್ಚಿಯ ಮೇಲೆ, ಕುತ್ತಿಗೆಯವರೆಗೂ ಶಾಲು ಹೊದ್ದು ಹಾರಗಳ ನಡುವೆ ಕೂತಿದ್ದ. ರಾತ್ರಿ ಉಂಡು ಮಲಗಿದ ಗಂಡ ರಾಮಾಂಜಿನಪ್ಪ ಬೆಳಗ್ಗೆ ಎದ್ದಿರಲಿಲ್ಲ.

ಮಗ ತಿರುಮಲೇಶ್ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದ. "ಸಾಕು ಬಿಡಮ್ಮ. ಗೌರಿಬಿದನೂರಿನೋರು ಬಂದ್ಬಿಟ್ರು. ಮೂರು ಗಂಟೆಗೆ ಎತ್ತಬೇಕು. ಮೊಬೈಲಲ್ಲಿ ಯಾವುದಾದ್ರೂ ಭಜನೆ ಹಾಕ್ತೀನಿ."

"ಮೊಬೈಲಲ್ಲಿ ನಿಮ್ಮಪ್ಪ ಹಾಡ್ತಾನೇನೋ? ಆ ಸಿ.ಡಿ.ಲಿರೋ ನಾಲ್ಕನೇ ಪದ ಒಂದು ಸಲ ಪೂರ್ತಿ ಕೇಳ್ಬೇಕು. ಆಮೇಲೆ ಎತ್ಕೊಂಡೋಗಿ."

"ಪ್ಲೇಯರ್ ಮೇಲಿರೋ ಗುಂಡಿ ಒತ್ತಿದ್ರಾಗಲ್ವಾ ತಾಯಿ?" ಎಂದ ಕೋನಪ್ಪ. ಭಜನೆಯಲ್ಲಿ ರಾಮಾಂಜಿನಪ್ಪನ ಪಕ್ಕ ಕೂತು ಹಾರ್ಮೋನಿಯಂ ನುಡಿಸುತ್ತಿದ್ದವನು ಅವನೇ.

"ಅವು ಕೆಟ್ಟು ಹನ್ನೆರಡು ವರ್ಷದ ಮೇಲಾಯ್ತಣ್ಣ. ರೇಷ್ಮೆ ಹುಳು ಮನೇಲಿಟ್ಟು, ಸುಣ್ಣದ ಪುಡಿ ಒಳಗೆಲ್ಲ ತುಂಬ್ಕೊಂಡೈತೆ. ರಿಮೋಟೇ ಗತಿ."

ಸಿ.ಡಿ. ಹಾಕುವ ಪೆಟ್ಟಿಗೆ ಇನ್ನೊಂದು ಬೇಕೆಂದರೆ ಇಡೀ ಜಂಗಮಕೋಟೆ ಜಾಲಾಡಿದರೂ ಸಿಗುವ ಕಾಲವಲ್ಲ ಇದು.

*

ಹನ್ನೆರಡು ವರ್ಷದ ಹಿಂದೆ ರಾಮನ ಗುಡಿಯಲ್ಲಿ ನಡೆದ ಭಜನೆಯನ್ನು ಶಿಡ್ಲಘಟ್ಟದ ಸ್ಟುಡಿಯೋದವನೊಬ್ಬ ಸಿ.ಡಿ. ಮಾಡಿಕೊಟ್ಟಿದ್ದ. ಒಟ್ಟು ಎಂಟು ಪದ. ನಾಲ್ಕನೆಯದನ್ನು ರಾಮಾಂಜಿನಪ್ಪ ಒಬ್ಬನೇ ಹಾಡಿದ್ದ, ನಡುವೆ ಕೆಮ್ಮು ಬಂದಿತ್ತು. ಅಷ್ಟಕ್ಕೇ ಅವನ ಮಾನ ಹೋಗಿತ್ತು. ಆ ದಿನ ಆದಿಲಕ್ಷ್ಮಮ್ಮ ಗುಡಿಗೆ ಹೋಗಿರಲಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚಿನ ವಾರ, ಎಷ್ಟು ಸೊಪ್ಪು ಹಾಕಿದರೂ ಸಾಲದ ಹೊತ್ತು. ಒಬ್ಬರಾದರೂ ಮನೆಯಲ್ಲಿರಬೇಕಿತ್ತು. ಆ ಒಬ್ಬರು ಯಾವಾಗಲೂ ಅವಳೇ.

ಆಮೇಲೂ ಅಷ್ಟೇ. ಹುಳು ಮನೆಯಲ್ಲಿ ಅವಳು ತಟ್ಟೆ ತಟ್ಟೆಗೂ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದರೆ, ಅವನು ಮಂಚದ ಮೇಲೆ ಕೂತು, ಪ್ಲಾಸ್ಟಿಕ್ ಕವರು ಸುತ್ತಿ ರಬ್ಬರ್ ಬ್ಯಾಂಡು ಹಾಕಿದ ರಿಮೋಟನ್ನು ಪ್ಲೇಯರಿನತ್ತ ಚಾಚುತ್ತಿದ್ದ. ನಾಲ್ಕನೆಯದು ಎರಡು ಸಾಲು ಬರುವಷ್ಟರಲ್ಲಿ ಹೆಬ್ಬೆರಳು ಒತ್ತಿಯೇ ಬಿಡುತ್ತಿತ್ತು. ಐದನೆಯದು ಶುರು.

"ಅಯ್ಯೋ, ಇರ್ಲಿ ಬಿಡಯ್ಯ. ಚೆನ್ನಾಗಿತ್ತು."

"ಮುಂದೆ ಕೆಮ್ಮಿದ್ದೀನಿ ಕಣೇ. ಹುಳಾನೂ ನಗ್ತವೆ."

"ನಗ್ಲಿ. ಕೊಡಿಲ್ಲಿ, ನಾನೇ ಒತ್ಕೊಂತೀನಿ."

"ಸೊಪ್ಪಿನ ಕೈ. ಮುಟ್ಟಬೇಡ."

ಸೊಪ್ಪಿನ ಕೈಯಂತೆ! ಆ ಕೈಯಿಂದಲೇ ಹುಳು ಗೂಡಾಗಿ, ಮಗ ಓದಿ, ಈ ರಿಮೋಟಿಗೆ ಸೆಲ್ಲು ಬಂದಿದ್ದು.

*

"ಏನ್ ಹುಡುಕ್ತಾ ಇದ್ದೀರಪ್ಪ ಎಲ್ಲಾರೂ?"

ರಾಮಾಂಜಿನಪ್ಪನ ಅಕ್ಕ ಮುನಿಲಕ್ಷ್ಮಿ ಹುಳು ಮನೆಯಿಂದ ಸೀರೆ ಕೊಡವುತ್ತಾ ಬಂದಳು. ಸಾವಾಗಲಿ, ಮದುವೆಯಾಗಲಿ, ಹುಳು ಹಸಿವು ತಡೆಯುವುದಿಲ್ಲ. ಬೆಳಗಿನಿಂದ ಸೊಪ್ಪು ಹಾಕುತ್ತಿದ್ದವಳು ಅವಳೇ.

"ರಿಮೋಟು, ಅತ್ತೆ," ಎಂದ ತಿರುಮಲೇಶ್.

"ಅದಾ? ಅವನ ಕೈಯಲ್ಲೇ ಐತಲ್ಲಪ್ಪ! ಎಲೆ ಅಡಿಕೆ ಜೊತೇಲಿ ಬೆಳಗ್ಗೆ ನಾನೇ ಇಟ್ಟೆ. ಇಷ್ಟದ ವಸ್ತು ಜೊತೇಲೇ ಕಳಿಸ್ಬೇಕಲ್ಲ."

ಆದಿಲಕ್ಷ್ಮಮ್ಮ ಓಡಿಬಂದು ಶಾಲು ಸರಿಸಿದಳು. ಬಲಗೈಯಲ್ಲಿ, ಹೆಬ್ಬೆರಳು ಮೇಲೆ ಮಾಡಿ, ಎಂದಿನ ಹಾಗೆಯೇ ಹಿಡಿದುಕೊಂಡಿದ್ದ.

"ಬೆಳಗ್ಗಿಂದ ಹಾಸಿಗೆ ಕೊಡವಿ ಕೊಡವಿ ಸಾಯ್ತಿದ್ದೀನಿ, ನೀನು ಇಲ್ಲಿಟ್ಕೊಂಡು ಕೂತಿದ್ದೀಯಾ!" ಎಂದು ಕೈ ಹಾಕಿದಳು.

"ಏ, ತೆಗೀಬೇಡ!" ಮುನಿಲಕ್ಷ್ಮಿ ಅವಳ ರಟ್ಟೆ ಹಿಡಿದಳು. "ಹೆಣದ ಕೈಗೆ ಕೊಟ್ಟಿದ್ದನ್ನ ಕಿತ್ಕೋಬಾರದು. ಕೇಳ್ಕೊಂಡು ಮನೆಗೆ ಬರ್ತಾನೆ."

"ಬಂದ್ರೆ ಬರ್ಲಿ!"

ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. "ಹನ್ನೆರಡು ವರ್ಷದಿಂದ ಕೇಳ್ದೆ ಅಕ್ಕ. ಇವತ್ತೂ ಕೊಡ್ದೆ ಹೋಗ್ತಾನಲ್ಲ."

ಕೋನಪ್ಪ ಮುಂದೆ ಬಂದ. "ಕಿತ್ಕೋಬಾರದು, ಸರಿ. ಒತ್ತಬಾರದು ಅಂತ ಯಾರೂ ಹೇಳಿಲ್ವಲ್ಲ. ತಿರುಮಲೇಶ, ಆ ಪೆಟ್ಟಿಗೆ ತಂದು ನಿಮ್ಮಪ್ಪನ ಎದುರಿಗೆ ಇಡಪ್ಪ."

ಪ್ಲೇಯರ್ ಬಂತು. ಆದಿಲಕ್ಷ್ಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಗಂಡನ ತಣ್ಣನೆಯ ಕೈಯನ್ನು ಅದರ ಕಡೆ ತಿರುಗಿಸಿದಳು.

"ನೀನೇ ಒತ್ತಯ್ಯ. ನಂದು ಸೊಪ್ಪಿನ ಕೈ."

ಸೆಟೆದ ಹೆಬ್ಬೆರಳನ್ನು ನಾಲ್ಕರ ಮೇಲಿಟ್ಟು ಅದುಮಿದಳು. ಹಸಿರು ದೀಪ ಮಿನುಗಿತು. ಮೊದಲು ಕೋನಪ್ಪನ ಹಾರ್ಮೋನಿಯಂ, ಹಿಂದೆಯೇ ರಾಮಾಂಜಿನಪ್ಪನ ದನಿ. ಒಂದು ಸಾಲು ಆಯಿತು, ಎರಡಾಯಿತು. ಅವಳು ಎಂದೂ ಕೇಳಿರದ ಮೂರನೆಯ ಸಾಲು ಶುರುವಾಯಿತು. ಚಟ್ಟ ತಂದವರು ಹೆಗಲ ಮೇಲಿನ ಟವೆಲು ಸರಿಮಾಡಿಕೊಳ್ಳುತ್ತಾ ಹಾಗೇ ನಿಂತರು.

ಅಷ್ಟರಲ್ಲಿ ಕೆಮ್ಮು ಬಂತು. ಹಿಂದೆ ಯಾರೋ ಕಿಸಕ್ಕೆಂದರು. ಆದಿಲಕ್ಷ್ಮಮ್ಮ ಅವನ ಹೆಬ್ಬೆರಳನ್ನು ಗುಂಡಿಯಿಂದ ಮೇಲಕ್ಕೆತ್ತಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.