ಹೊರಕ್ಕೆ ತೆರೆದ ಬಾಗಿಲು

ಭಾನುವಾರ ಮಧ್ಯಾಹ್ನ ಮೂರು ಗಂಟೆಯಿಂದ ಸಿನಿಮಾ ಮುಗಿಯುವವರೆಗೆ ತುಟಿ ಪಿಟಕ್ಕೆನ್ನಬಾರದು ಎಂದು ಮುದುಕ ಬಡಗಿಗೆ ತಾಕೀತು ಮಾಡಿದವಳು ಬೇರೆ ಯಾರೂ ಅಲ್ಲ, ಅವನ ಸ್ವಂತ ಮಗಳು.

"ಮುಗಿದ ಮೇಲೂ ಅಷ್ಟೇ," ಎಂದಿದ್ದಳು ಫೋನಿನಲ್ಲಿ. "ಚೆನ್ನಾಗಿದೆ ಅಂತ ಒಂದು ಮಾತು ಹೇಳು, ಸಾಕು. ಇಲ್ಲಾಂದ್ರೆ ನಾವು ನಿಮ್ಮನೆಗೆ ಬರೋದು ಇದೇ ಕೊನೆ ಅಪ್ಪ. ತಮಾಷೆಗೆ ಹೇಳ್ತಿಲ್ಲ."

ತಮಾಷೆ ಅಲ್ಲವೆಂದು ಅವನಿಗೂ ಗೊತ್ತಿತ್ತು. ಅಳಿಯ ಸಿನಿಮಾಗಳಿಗೆ ಸೆಟ್ ಹಾಕುವವನು. ಗೋಡೆ, ಮೆಟ್ಟಿಲು, ಜೈಲು, ಅರಮನೆ ಬೇಕೆಂದರೆ ಅರಮನೆ. ಹೋದ ವರ್ಷ ಅವನು ಕಟ್ಟಿದ ಬಂಗಲೆಯೊಂದರ ಗೋಡೆ, ನಾಯಕ ಬೆನ್ನು ಒರಗಿಸಿದಾಗ, ಕೂದಲೆಳೆಯಷ್ಟು ಅಲುಗಾಡಿತ್ತು. ಊರೆಲ್ಲ ನೋಡಿ ಸುಮ್ಮನಿದ್ದ ಸಿನಿಮಾ. ಬಡಗಿ ಮಾತ್ರ ಮನೆಯ ಟಿವಿಯಲ್ಲಿ ಅದನ್ನು ಹಿಡಿದು, ಹಿಂದೆ ಮುಂದೆ ಓಡಿಸಿ ನೋಡಿ, ಹನ್ನೊಂದು ನಿಮಿಷದ ವಾಯ್ಸ್ ನೋಟ್ ಮಾಡಿ, ನಲವತ್ತು ನೆಂಟರಿರುವ ಗುಂಪಿಗೆ ಕಳಿಸಿದ್ದ. "ಅದು ಗೋಡೆ ಅಲ್ಲ, ಒಣಗಾಕಿದ ಬೆಡ್‌ಶೀಟು" ಎಂಬಲ್ಲಿಂದ ಶುರುವಾಗಿ ಮಾತು ಅಳಿಯನ ಗುರುವಿನವರೆಗೂ ಹೋಗಿತ್ತು. ಆಮೇಲೆ ಐದು ತಿಂಗಳು ಮಗಳು ಈ ಹೊಸ್ತಿಲು ತುಳಿಯಲಿಲ್ಲ. ಅವನು ದಿನಾ ಫೋನು ಕೈಯಲ್ಲಿ ಹಿಡಿದು ಕೂರುತ್ತಿದ್ದ. ಅವಳ ಹೆಸರಿನ ಮುಂದೆ ಬೆರಳಿಟ್ಟು, ತೆಗೆದು, ಮತ್ತೆ ಇಡುತ್ತಿದ್ದ.

ಆದರೆ ಆ ವಾಯ್ಸ್ ನೋಟ್ ಬೈಗುಳ ಎಂದು ಅವನು ಇವತ್ತಿಗೂ ಒಪ್ಪಿಲ್ಲ. ನಲವತ್ತೆರಡು ವರ್ಷ ಬಾಗಿಲು ಮಾಡಿದವನು. ಮಂಡಿ ಕೈಕೊಟ್ಟ ಮೇಲೆ ಉಳಿ, ಗರಗಸಗಳನ್ನು ಪೆಟ್ಟಿಗೆಗೆ ಹಾಕಿ ಟಿವಿಯ ಮುಂದೆ ಕೂತ. ಕೂತರೂ ಕಣ್ಣು ಬಾಗಿಲ ಮೇಲೇ. ನಾಯಕಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರೆ ಇವನು ಅವಳ ಹಿಂದಿನ ಚಿಲಕ ನೋಡುತ್ತಿದ್ದ. ಸಿನಿಮಾ ನಿಯತ್ತಿನದೋ ಅಲ್ಲವೋ ಎನ್ನುವುದು ಬಾಗಿಲ ಕೀಲಿನಲ್ಲೇ ಗೊತ್ತಾಗುತ್ತದೆ ಎಂಬುದು ಅವನ ಸಿದ್ಧಾಂತ.

ಆ ಭಾನುವಾರ ಬೆಳಿಗ್ಗೆ ಟಿವಿ ಅಕ್ಕನ ಕೈಯಲ್ಲಿತ್ತು. ಎಂಬತ್ತೊಂದು ವರ್ಷದ ಅಕ್ಕ. ಅವನ ಹೆಂಡತಿ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆಯೂ ರಿಮೋಟೂ ಅವಳದೇ. ಅವಳಿಗೆ ಹಳೆಯ ಕಾರ್ಟೂನು ಬೇಕು. ಟೊಪ್ಪಿ ಹಾಕಿದ ಕರಡಿಯೊಂದು ಹೆದರಿ ಓಡಿ, ಮುಚ್ಚಿದ ಬಾಗಿಲನ್ನೇ ತೂರಿಕೊಂಡು ಹೋಗುತ್ತದೆ. ಹಲಗೆಯಲ್ಲಿ ಅಚ್ಚುಕಟ್ಟಾಗಿ ಕರಡಿಯಾಕಾರದ ತೂತು. ಕಿವಿ ಎರಡು, ಹೊಟ್ಟೆ ಒಂದು, ಟೊಪ್ಪಿಯ ಅಂಚು ಸಮೇತ. ಅದು ಮುಗಿದು, ಅದೇ ಕರಡಿಯನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿದ್ದು ಶುರುವಾಯಿತು. ಕರಡಿ ಓಡಿತು, ಬಾಗಿಲು ಸಿಡಿಯಿತು, ಚಕ್ಕೆಗಳು ಹಾರಿದವು. ತೂತು ಮಾತ್ರ ದುಂಡಗೆ.

"ನೋಡ್ದಾ ಅಕ್ಕ? ಒಂದೊಂದು ಚಕ್ಕೆಗೂ ನಾರು ಬಿಡಿಸಿದ್ದಾರೆ ಮಹಾನುಭಾವರು. ಟೊಪ್ಪಿ ಎಲ್ಲಿ? ಕಿವಿ ಎಲ್ಲಿ? ಈ ತೂತಲ್ಲಿ ಕರಡಿ ಹೋಯ್ತೋ ಕಲ್ಲುಗುಂಡು ಹೋಯ್ತೋ, ಹೇಗೆ ಗೊತ್ತಾಗ್ಬೇಕು?"

"ಕರಡೀನೇ ಕೇಳು," ಎಂದಳು ಅಕ್ಕ. "ಬೈಯೋದೆಲ್ಲ ಈಗ್ಲೇ ಬೈದು ಮುಗಿಸ್ಕೋ. ಮಧ್ಯಾಹ್ನಕ್ಕೆ ಉಳಿಸ್ಕೊಂಡ್ಯೋ, ನಿನ್ನ ಮಗಳು ನಿನ್ನ ಜೊತೆ ನನ್ನನ್ನೂ ಬಿಟ್ಟು ಹೋಗ್ತಾಳೆ."

ಮೂರಕ್ಕೆ ಸರಿಯಾಗಿ ಮಗಳು, ಅಳಿಯ ಬಂದರು. ಪರದೆ ಎಳೆದು ಕೋಣೆಯನ್ನು ಕತ್ತಲು ಮಾಡಿ ಸಿನಿಮಾ ಹಾಕಿದರು. ಅವನು ಹತ್ತೊಂಬತ್ತನೇ ವಯಸ್ಸಿನಲ್ಲಿ ನೋಡಿದ್ದ ಕಪ್ಪು ಬಿಳುಪು ದೆವ್ವದ ಸಿನಿಮಾದ ಹೊಸ ಅವತಾರ ಅದು; ಸೆಟ್ ಅಳಿಯನದು. ಹಳೆಯದರಲ್ಲಿ ನರ್ಸ್ ಒಬ್ಬಳು ಓಣಿಯಂಥ ಪಡಸಾಲೆಯಲ್ಲಿ ನಿಂತಿರುತ್ತಾಳೆ. ಕೊನೆಯ ಕೋಣೆಯ ಬಾಗಿಲು ಒಳಮುಖವಾಗಿ ಒಂದು ಗೇಣು ತೆರೆದು, ನಿಲ್ಲುತ್ತದೆ. ಅಷ್ಟೇ. ಸಂಗೀತವಿಲ್ಲ, ಕಿರುಚಾಟವಿಲ್ಲ. ಅದನ್ನು ನೋಡಿದ ಮೇಲೆ ಬಡಗಿ ಒಂದು ವಾರ, ಇನ್ನೂ ಮನೆಗೆ ಕೂರಿಸದ ಬರೀ ಬಾಗಿಲುಗಳ ನಡುವೆಯೂ, ಬೆನ್ನನ್ನು ಗೋಡೆಗೆ ಕೊಟ್ಟೇ ಕೆಲಸ ಮಾಡಿದ್ದ.

ಹೊಸದರಲ್ಲಿ ಮೊದಲು ಮೆಟ್ಟಿಲು ಬಂತು. ಅದರ ಕೈಹಿಡಿಯನ್ನು ನೀಟಾಗಿ ಕಡೆದಿದ್ದರು. ನೆಲದ ಹಲಗೆಗಳ ನಡುವೆ ಉಗುರು ತೂರುವಂತಿರಲಿಲ್ಲ. ಒಂದು ಗೋಡೆಯೂ ಮಿಸುಕಲಿಲ್ಲ. ಭೇಷ್ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಹೊಗಳಲು ತೆರೆದ ಬಾಯಿ ಆಮೇಲೆ ಮುಚ್ಚುವುದಿಲ್ಲವೆಂದು ಅವನಿಗೇ ಗೊತ್ತಿದ್ದರಿಂದ ನೀರು ಕುಡಿದ.

ಆಮೇಲೆ ಆ ಬಾಗಿಲು ಬಂತು. ಧಡಾರೆಂದು ಹೊರಕ್ಕೆ ಹಾರಿ ಪಡಸಾಲೆಯ ಗೋಡೆಗೆ ಬಡಿಯಿತು. ಇಡೀ ಕೋಣೆ ಒಂದೇ ಏಟಿಗೆ ಬಟಾಬಯಲು. ನಟ್ಟನಡುವೆ ನೀಲಿ ಬೆಳಕಿನಲ್ಲಿ ದೆವ್ವ, ಬಸ್ಸಿಗೆ ಕಾಯುವವಳ ಹಾಗೆ.

ಬಡಗಿ ಕುರ್ಚಿಯ ತುದಿಗೆ ಜರುಗಿದ. ಮಗಳು ತಿರುಗಿ ನೋಡಿದಳು. ಅವನು ನೀರು ಕುಡಿದ. ಲೋಟ ಖಾಲಿಯಾಗಿತ್ತು, ಆದರೂ ಕುಡಿದ.

"ಲೋ, ಮೂಗಲ್ಲಿ ಹೊಗೆ ಬರ್ತಿದೆ," ಎಂದಳು ಅಕ್ಕ ಮೆಲ್ಲಗೆ.

ಸಿನಿಮಾ ಮುಗಿಯಿತು. ಮಗಳು ಪರದೆ ಸರಿಸಿದಳು. ಅಳಿಯ ಸೋಫಾದ ಅಂಚಿಗೆ ಬಂದು, ಫಲಿತಾಂಶಕ್ಕೆ ಕಾಯುವವನಂತೆ ಕೂತ.

"ಚೆನ್ನಾಗಿದೆ," ಎಂದ ಬಡಗಿ.

"ಅಷ್ಟೇನಾ ಮಾವ?"

"ಬಹಳ ಚೆನ್ನಾಗಿದೆ."

ಅಳಿಯನ ಮುಖ ಇಷ್ಟೇ ಇಷ್ಟಾಯಿತು. ಎದ್ದು ನಿಂತ.

"ಹೋದ್ಸಲ ಒಂದು ಗೋಡೆಗೆ ಹನ್ನೊಂದು ನಿಮಿಷ ಉಗಿದ್ರಿ. ಉರಿದುಹೋಯ್ತು ನಂಗೆ, ಸುಳ್ಳು ಹೇಳಲ್ಲ. ಆದ್ರೆ ಆಮೇಲೆ ನಾನು ಕಟ್ಟಿದ ಒಂದು ಗೋಡೆ ಅಲುಗಾಡಿಲ್ಲ. ಈಗ ಏಳು ತಿಂಗಳ ಕೆಲ್ಸಕ್ಕೆ ಚೆನ್ನಾಗಿದೆ ಅಂತ ಕೈ ತೊಳ್ಕೊಂಡ್ರೆ, ನಾನೇನು ಪಕ್ಕದ್ಮನೆಯವನಾ? ಬೈಯೋಕೂ ಲಾಯಕ್ಕಿಲ್ವಾ? ನಡಿಯೇ, ಹೋಗೋಣ."

"ರೀ, ನಾನೇ ಅಪ್ಪಂಗೆ ಸುಮ್ನಿರು ಅಂದಿದ್ದು," ಎಂದಳು ಮಗಳು, ಬ್ಯಾಗು ಹೆಗಲಿಗೆ ಹಾಕುತ್ತ.

"ಇನ್ನೂ ಚೆಂದ. ನನ್ನನ್ನ ಹಸುಗೂಸು ಮಾಡ್ಬಿಟ್ರಿ ಎಲ್ರೂ ಸೇರಿ."

ಬಾಯಿ ಬಿಟ್ಟರೆ ಮಗಳು ಹೋಗುತ್ತಾಳೆ ಎಂದು ಮುಚ್ಚಿಕೊಂಡಿದ್ದ. ಈಗ ಮುಚ್ಚಿಕೊಂಡಿದ್ದಕ್ಕೇ ಹೊರಟಿದ್ದಾಳೆ. ಬಡಗಿ ಅವಳ ಮುಖ ನೋಡಿದ. ಅವಳು ನಿಟ್ಟುಸಿರು ಬಿಟ್ಟಳು.

"ಹೇಳಪ್ಪ. ಹೇಗೂ ಹೊರಟಿದ್ದಾರೆ, ಕೇಳ್ಕೊಂಡೇ ಹೋಗ್ಲಿ."

"ಅಳಿಯಂದಿರೇ," ಎಂದು ಅವನು ಶುರುಮಾಡಿದಾಗ ಅಕ್ಕ ಟಿವಿ ಆರಿಸಿ ಕಾಲು ಚಾಚಿ ಕೂತಳು. "ಮಲಗೋ ಕೋಣೆ ಬಾಗಿಲು ಹೊರಕ್ಕೆ ತೆರೆಯೋ ಮನೆ ಯಾವುದ್ರೀ? ಅದೇನು ಲಾರಿ ಶೆಡ್ಡಾ? ಮೆಟ್ಟಿಲು ಬಂಗಾರ. ನೆಲ ಬಂಗಾರ. ಅದಕ್ಕೇ ಹೊಟ್ಟೆ ಉರಿಯೋದು. ಅಷ್ಟು ಬಲ್ಲ ಕೈ ಆ ಬಾಗಿಲನ್ನ ಹೇಗೆ ಹಾಗೆ ಕೂರಿಸ್ತು? ಬಾಗಿಲು ಒಳಕ್ಕೆ ಹೋದ್ರೆ ಅದರ ಹಿಂದೆ ಒಂದು ಮೂಲೆ ಹುಟ್ಟುತ್ತೆ. ಕಾಲು ಒಳಗಿಡೋ ತನಕ ಅಲ್ಲಿ ಯಾರಿದ್ದಾರೆ ಅಂತ ದೇವ್ರಿಗೂ ಕಾಣಲ್ಲ. ಹೆದರಿಕೆ ಇರೋದು ಆ ಮೂಲೇಲಿ. ನೀವು ಹೊರಕ್ಕೆ ತೆಗೆದು ಆ ಮೂಲೇನೇ ಅಳಿಸಿ ಹಾಕಿದ್ರಿ. ನಿಲ್ಲಿ, ತೋರಿಸ್ತೀನಿ."

ಮಂಡಿ ಹಿಡಿದುಕೊಂಡೇ ಎದ್ದು ತನ್ನ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹಗಲು ನಾಲ್ಕೂಮುಕ್ಕಾಲು ಗಂಟೆ. ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಒಳಗಿರುವುದು ಎಪ್ಪತ್ತನಾಲ್ಕರ ಮುದುಕ ಎಂದು ಮೂವರಿಗೂ ಗೊತ್ತು.

ಚಿಲಕ ಸದ್ದಿಲ್ಲದೆ ಜಾರಿತು. ಬಾಗಿಲು ಒಳಕ್ಕೆ ಒಂದು ಗೇಣು ಸರಿದು, ನಿಂತಿತು. ಸಂದಿಯಲ್ಲಿ ಮಂಚದ ಕಾಲು ಕಂಡಿತು, ಗೋಡೆಯ ಒಂದು ಪಟ್ಟಿ ಕಂಡಿತು. ಮನುಷ್ಯ ಕಾಣಲಿಲ್ಲ.

"ಅಪ್ಪ," ಎಂದಳು ಮಗಳು.

ಬಾಗಿಲು ಒಂದಿಂಚೂ ಮಿಸುಕಲಿಲ್ಲ.

"ಸಾಕು ಬಾ ಹೊರಗೆ. ಅಪ್ಪ?"

ಅಳಿಯ ಎರಡು ಹೆಜ್ಜೆ ಮುಂದೆ ಹೋದ. ಮೂರನೆಯದು ಇಡಲಿಲ್ಲ. "ನೀನು ಹೋಗಿ ನೋಡೇ," ಎಂದ ಹೆಂಡತಿಗೆ.

"ನಿಮ್ಮ ಮಾವ, ನೀವೇ ನೋಡಿ."

"ಲೋ, ಬದುಕಿದ್ರೆ ಕೆಮ್ಮೋ," ಎಂದು ಅಕ್ಕ ಕೂಗಿದ ಮೇಲೆ ಬಾಗಿಲ ಹಿಂದಿನಿಂದ ಕೆಮ್ಮು ಕೇಳಿಸಿತು. ಬಡಗಿ ಹೊರಬಂದ. ಮಗಳು ಎದೆಯ ಮೇಲಿನ ಕೈ ತೆಗೆಯದೆ ಅವನನ್ನು ದುರುಗುಟ್ಟಿ ನೋಡಿದಳು.

ಅಳಿಯ ತಲೆ ಕೆರೆದುಕೊಂಡ. "ಮೊದ್ಲು ಒಳಕ್ಕೇ ಇಟ್ಟಿದ್ದೆ ಮಾವ. ಕ್ಯಾಮೆರಾ ನುಗ್ಗೋಕೆ ಅಡ್ಡ ಬರುತ್ತೆ ಅಂದ್ರು. ಒಂದು ಗಂಟೇಲಿ ಬಿಚ್ಚಿ ತಿರುಗಿಸಿ ಹಾಕ್ದೆ. ತಪ್ಪು ಅಂತ ಗೊತ್ತಿತ್ತು."

"ಗೊತ್ತಿತ್ತಾ?" ಬಡಗಿಯ ದನಿ ಇನ್ನೊಂದು ಮಹಡಿ ಏರಿತು. "ಗೊತ್ತಿಲ್ದೆ ಮಾಡಿದ್ರೆ ಕ್ಷಮಿಸ್ಬಹುದಿತ್ತು ಕಣ್ರೀ. ಗೊತ್ತಿದ್ದೂ ಬಿಚ್ಚಿದ್ರಾ? ಯಾರೋ ಬಂದು ತಿರುಗ್ಸು ಅಂದ್ರೆ, ಉಳಿ ಕೆಳಗಿಟ್ಟು ಆಗಲ್ಲ ಅನ್ನೋಕೆ ಬಾಯಿರ್ಲಿಲ್ವಾ?"

"ಇರ್ಲಿಲ್ಲ," ಎಂದ ಅಳಿಯ. "ಅಲ್ಲಿ ನಿಮ್ಮಂಥೋರು ಯಾರೂ ನನ್ನ ಕಡೆ ನಿಂತಿರ್ಲಿಲ್ಲ."

ಹೊಗಳಿದನೋ ದೂರಿದನೋ ತಿಳಿಯದೆ ಬಡಗಿ ಮಗಳ ಕಡೆ ನೋಡಿದ. ಅವಳು ಇನ್ನೂ ನಿಂತೇ ಇದ್ದಳು, ಬ್ಯಾಗು ಹೆಗಲಲ್ಲೇ.

"ಅಪ್ಪ, ಇನ್ಮೇಲೆ ಗುಂಪಿಗೆ ಕಳಿಸ್ಬೇಡ," ಎಂದಳು. "ಇವ್ರಿಗೊಬ್ರಿಗೇ ಕಳಿಸು. ಸಿನಿಮಾ ಬಂದ್ಮೇಲಲ್ಲ, ಸೆಟ್ ಹಾಕೋ ಮುಂಚೆ. ಇವ್ರು ನಕ್ಷೆ ಕಳಿಸ್ತಾರೆ, ನೋಡಿ ಎಷ್ಟು ಬೇಕಾದ್ರೂ ಉಗಿ."

"ಹನ್ನೊಂದು ನಿಮಿಷದ ಮೇಲಾದ್ರೆ?"

"ಅದು ನೀವು ನೀವು ನೋಡ್ಕೊಳ್ಳಿ."

"ಹಾಗಾದ್ರೆ ಬಾಗಿಲಿನ ಮಾತು ಇಲ್ಲಿಗೆ ಬಿಟ್ಟೆ," ಎಂದು ಬಡಗಿ ಕುರ್ಚಿಯನ್ನು ಅಳಿಯನ ಎದುರಿಗೆ ಎಳೆದುಕೊಂಡ. "ಇನ್ನು ಆ ದೆವ್ವದ ವಿಷ್ಯಕ್ಕೆ ಬರೋಣ. ಯಾರ್ರೀ ಅವಳನ್ನ ಹಾಗೆ ಕೋಣೆ ನಟ್ಟನಡುವೆ ನಿಲ್ಲಿಸಿದ್ದು?"

ಅಳಿಯ ಕೂತ. ಮಗಳು ಬ್ಯಾಗನ್ನು ಹೆಗಲಿನಿಂದ ಇಳಿಸಿ ಮೂಲೆಗಿಟ್ಟು, ಸೋದರತ್ತೆಯ ಪಕ್ಕಕ್ಕೆ ಬಂದು, "ಸ್ವಲ್ಪ ಸರ್ಕೊಳ್ಳಿ ಅತ್ತೆ," ಎಂದಳು. "ಇದು ಬೇಗ ಮುಗಿಯಲ್ಲ."